ವಕೀಲರ ಮನೆಯ ಮೋರಿಸ್

ಬುಕ್ ಮಾಡಿ ವರ್ಷಗಟ್ಟಲೆ ಕಾದಿದ್ದ ಮಾರುತಿ ಕಾರಿನ ಸರದಿ ಬಂದಿದೆಯೆಂದು ಧರ್ಮರಾಜು ಒಂದು ಭಾನುವಾರ ಬೆಳಿಗ್ಗೆ ಅಪ್ಪನಿಗೆ ಹೇಳಿದ. ಬೈರಯ್ಯ ಆಗ ಚಾಮರಾಜಪೇಟೆಯ ಮನೆಯ ಕಾಂಪೌಂಡಿನಲ್ಲಿ ಕುಕ್ಕರಗಾಲಲ್ಲಿ ಕೂತು ತನ್ನ ಹಸಿರು ಮೋರಿಸ್ ಮೈನರ್‌ನ ಬಂಪರನ್ನು ಉಜ್ಜುತ್ತಿದ್ದ. ಮಗನ ಮಾತು ಕಿವಿಗೆ ಬಿದ್ದರೂ ಕೈ ನಿಲ್ಲಲಿಲ್ಲ.

"ಬರೋ ತಿಂಗಳು ಗಾಡಿ ಕೊಡ್ತಾರಂತೆ" ಎಂದ ಧರ್ಮರಾಜು.

"ಒಳ್ಳೇದಾಯ್ತು."

"ಇಲ್ಲಿ ಎರಡು ಕಾರು ನಿಲ್ಲಲ್ಲ ಅಪ್ಪ."

ಬೈರಯ್ಯ ತಲೆಯೆತ್ತಿ ಜಾಗವನ್ನು ನೋಡಿದ. ಒಂದು ಕಡೆ ಮನೆಯ ಗೋಡೆ, ಇನ್ನೊಂದು ಕಡೆ ನೀರಿನ ತೊಟ್ಟಿ, ನಡುವೆ ಕಾರು. ಬಾಗಿಲು ತೆಗೆದು ಇಳಿಯಬೇಕಾದರೂ ಹೊಟ್ಟೆ ಒಳಗೆಳೆದುಕೊಳ್ಳಬೇಕಿತ್ತು. ಮಗ ಹೇಳಿದ್ದು ಸುಳ್ಳಲ್ಲ.

"ಇದು ಚೆನ್ನಾಗೇ ಓಡ್ತಿದೆಯಲ್ಲೋ" ಎಂದಷ್ಟೇ ಹೇಳಿ ಮತ್ತೆ ಬಂಪರಿಗೆ ಬಟ್ಟೆ ಹಚ್ಚಿದ.

ಆ ಕಾರು ಮೊದಲು ಬಸವನಗುಡಿಯ ವಕೀಲ ನಂಜುಂಡಯ್ಯನವರದು. ಬೈರಯ್ಯ ಮೀಸೆ ಕಪ್ಪಗಿದ್ದಾಗ ಅವರ ಮನೆಗೆ ಡ್ರೈವರಾಗಿ ಸೇರಿದವನು ಕೂದಲು ನರೆಯುವವರೆಗೂ ಅಲ್ಲೇ ದುಡಿದ. ಬೆಳಿಗ್ಗೆ ವಕೀಲರನ್ನು ಕೋರ್ಟಿಗೆ ಬಿಟ್ಟು, ಮೊಮ್ಮಗಳನ್ನು ಶಾಲೆಗೆ ಬಿಟ್ಟು, ಮಧ್ಯಾಹ್ನ ಅಮ್ಮಾವರನ್ನು ಗಾಂಧಿ ಬಜಾರಿಗೆ ಕರೆದುಕೊಂಡು ಹೋಗಿ ಬರುತ್ತಿದ್ದ. ಎಪ್ಪತ್ತರ ದಶಕದ ನಡುವಿನಲ್ಲಿ ವಕೀಲರು ಕೋರ್ಟು ಬಿಟ್ಟರು. ಮನೆಗೆ ಅಂಬಾಸಡರ್ ಬಂತು, ಅದರ ಜೊತೆ ಹರೆಯದ ಡ್ರೈವರೂ ಬಂದ. ಬೈರಯ್ಯ ಕೆಲಸ ಬಿಟ್ಟು ಹೊರಟ ದಿನ ವಕೀಲರು ಬಾಗಿಲವರೆಗೆ ಬಂದು, "ಈ ಮೋರಿಸ್ ನೀನೇ ತಗೊಂಡು ಹೋಗು ಬೈರ. ಇದು ನಿನ್ನ ಕೈಗೇ ಒಗ್ಗಿರೋದು" ಎಂದಿದ್ದರು. ಬೀಳ್ಕೊಡುಗೆಯೆಂದು ಅವನಿಗೆ ಸಿಕ್ಕಿದ್ದು ಅದೊಂದೇ. ಬೇರೆ ಏನನ್ನಾದರೂ ಕೇಳಬಹುದಿತ್ತೆಂದು ಅವನಿಗೆ ಹೊಳೆಯಲೂ ಇಲ್ಲ. ಕಾರನ್ನು ಬಿನ್ನಿಪೇಟೆಯ ತಮ್ಮ ಓಣಿಗೆ ತಂದು ನಿಲ್ಲಿಸಿದಾಗ ಮಿಲ್ಲಿನಿಂದ ಬಂದ ಹೆಂಡತಿ ಗಂಗರತ್ನಮ್ಮ ನಂಬದೆ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದ್ದಳು. ಅದು ಇನ್ನೂ ಬಿಸಿಯಾಗಿತ್ತು.

ಆಮೇಲೆ ಅವನು ನಗರ್ತಪೇಟೆಯ ಬಟ್ಟೆ ಅಂಗಡಿಯೊಂದರ ವ್ಯಾನು ಓಡಿಸಿ ಸಂಸಾರ ನಡೆಸಿದ. ಮೋರಿಸ್ ಮಾತ್ರ ಓಣಿಯ ಕಾರಾಯಿತು. ಹೆರಿಗೆ ನೋವು ಬಂದ ಹೆಂಗಸರು ಅದರಲ್ಲೇ ವಾಣಿ ವಿಲಾಸ ಆಸ್ಪತ್ರೆಗೆ ಹೋದರು, ಅದರಲ್ಲೇ ಮಗು ಎತ್ತಿಕೊಂಡು ಬಂದರು. ಓಣಿಯ ಗಂಡುಗಳೆಲ್ಲ ಸೇವಂತಿಗೆ ಹಾರ ಹಾಕಿದ ಆ ಕಾರಿನಲ್ಲೇ ಕೂತು ಧಾರೆಗೆ ಹೋದರು. ಅಂಥ ದಿನ ಬೈರಯ್ಯ ಸ್ಟೇರಿಂಗ್ ಹಿಡಿದು ಕೂತರೆ ಮದುವಣಿಗನಿಗಿಂತ ಅವನ ಮುಖವೇ ಹೆಚ್ಚು ಬೆಳಗುತ್ತಿತ್ತು.

ಇದೆಲ್ಲ ಕಣ್ಣಾರೆ ಕಂಡೂ ಧರ್ಮರಾಜುವಿಗೆ ಆ ಕಾರನ್ನು ಕಂಡರೆ ಆಗುತ್ತಿರಲಿಲ್ಲ. ಅವನು ಓದಿ, ಪರೀಕ್ಷೆ ಕಟ್ಟಿ, ಸರ್ಕಾರದಲ್ಲಿ ಅಧಿಕಾರಿಯಾಗಿ, ಚಾಮರಾಜಪೇಟೆಯಲ್ಲಿ ಮನೆ ಮಾಡಿ ಅಪ್ಪ ಅಮ್ಮನನ್ನು ಕರೆತಂದಿದ್ದ. ಅವನ ಆಫೀಸಿನಲ್ಲಿ ವಕೀಲರ ಬಳಗದವರೂ ಇದ್ದರು. ಅವರಲ್ಲೊಬ್ಬ ಒಮ್ಮೆ ಆ ಕಾರನ್ನು ನೋಡಿ, "ಓ, ಇದು ನಂಜುಂಡಯ್ಯನೋರ ಮನೆ ಮೋರಿಸ್ ಅಲ್ವಾ? ನಿಮ್ಮ ಹತ್ರ ಹೇಗೆ ಬಂತು?" ಎಂದು ಕೇಳಿದ್ದ. ಕೇಳಿದವನಿಗೆ ಉತ್ತರ ಗೊತ್ತಿತ್ತು. ಅವತ್ತಿನಿಂದ ಧರ್ಮರಾಜು ಅದರೊಳಗೆ ಕಾಲಿಟ್ಟಿರಲಿಲ್ಲ. ಮಳೆ ಬಂದರೂ ಬಸ್ಸಿಗೇ ಹೋಗುತ್ತಿದ್ದ.

ಕಾರಿನ ಮಾತು ಹೀಗೆ ಎತ್ತಿದಲ್ಲೇ ನಿಂತಿರುವಾಗ, ಒಂದು ಸಂಜೆ ವಕೀಲರ ಮಗ ಶಿವಸ್ವಾಮಿ ಮನೆ ಹುಡುಕಿಕೊಂಡು ಬಂದ. ನಂಜುಂಡಯ್ಯನವರು ತೀರಿಕೊಂಡು ಬಹಳ ಕಾಲವಾಗಿತ್ತು. ಆ ಮನೆಯವರು ಬೈರಯ್ಯನ ಮನೆ ಬಾಗಿಲಿಗೆ ಬಂದದ್ದು ಅದೇ ಮೊದಲು.

"ಒಳಗೆ ಬನ್ನಿ ಬುದ್ಧಿ, ಒಳಗೆ ಬನ್ನಿ" ಎಂದು ಬೈರಯ್ಯ ತಡಬಡಿಸಿ ಎದ್ದ. ಹೆಗಲ ಮೇಲಿದ್ದ ಟವೆಲು ತಾನೇ ತಾನಾಗಿ ಕೈಗೆ ಬಂದಿತ್ತು.

"ಇಲ್ಲೇ ಇರ್ಲಿ ಬೈರ, ಇನ್ನೂ ಸುಮಾರು ಮನೆಗೆ ಹೋಗ್ಬೇಕು" ಎಂದು ಶಿವಸ್ವಾಮಿ ಗೇಟಿನ ಬಳಿಯೇ ನಿಂತ. ಕಾರನ್ನು ಕಂಡದ್ದೇ ಅವನ ಮುಖ ಅರಳಿತು. "ಪರವಾಗಿಲ್ವೋ, ಹೊಸದರ ಹಾಗೇ ಇಟ್ಟಿದೀಯ. ನೋಡು, ವತ್ಸಲನ ಮದುವೆ. ಅವಳದೊಂದೇ ಹಟ, ತಾತನ ಕಾರಲ್ಲೇ ಛತ್ರಕ್ಕೆ ಹೋಗ್ಬೇಕು, ಬೈರನೇ ಓಡಿಸ್ಬೇಕು ಅಂತ."

ತಾನು ಶಾಲೆಗೆ ಬಿಡುತ್ತಿದ್ದ ಎರಡು ಜಡೆಯ ಮಗು ತನ್ನ ಹೆಸರು ಹಿಡಿದು ಹಟ ಮಾಡಿತೆಂದು ಕೇಳಿ ಬೈರಯ್ಯನ ಕಣ್ಣು ತುಂಬಿ ಬಂತು. "ಅದೇನು ದೊಡ್ಡ ಮಾತು ಬುದ್ಧಿ. ಓಡಿಸ್ತೀನಿ" ಎಂದ.

ಶಿವಸ್ವಾಮಿ ಲಗ್ನಪತ್ರಿಕೆ ಕೊಟ್ಟ. ಅದರ ಮೇಲೆ 'ಬೈರಯ್ಯ ಮತ್ತು ಕುಟುಂಬ' ಎಂದು ಬರೆದಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಧರ್ಮರಾಜು ಅದನ್ನು ನೋಡಿದ. ತಟ್ಟೆಯಿಂದ ಕೈ ತೆಗೆದ.

"ಹೋಗ್ಬೇಡಿ ಅಪ್ಪ."

"ಯಾಕೋ? ಮನೆಗೆ ಬಂದು ಕರೆದಿದಾರೆ."

"ಮನೆಗೆ ಬಂದ್ರು, ಸರಿ. ಒಳಗೆ ಬಂದ್ರಾ?"

"ಅವಸರದಲ್ಲಿದ್ರು."

"ಅವರು ಡ್ರೈವರನ್ನ ಕರೆಯೋಕೆ ಬಂದಿದ್ರು ಅಪ್ಪ. ಬಾಡಿಗೆಗೆ ಹೇಳೋಕೆ ನಾಚಿಕೆಯಾಗಿ ಪತ್ರಿಕೆ ಕೊಟ್ಟಿದಾರೆ." ಧರ್ಮರಾಜು ದನಿಯೇರಿಸಲಿಲ್ಲ. ದನಿಯೇರಿಸುವ ಹುಡುಗನೇ ಅಲ್ಲ ಅವನು. "ನಾನು ಹೈಸ್ಕೂಲಲ್ಲಿದ್ದಾಗ ಒಂದ್ಸಲ ನಿಮ್ಮನ್ನ ಹುಡುಕ್ಕೊಂಡು ಆ ಮನೆಗೆ ಬಂದಿದ್ದೆ. ನಿಮಗೆ ಹೇಳಲೇ ಇಲ್ಲ. ನೀವು ಹಿತ್ತಲ ಮೆಟ್ಟಿಲ ಮೇಲೆ ಕೂತು ಕಾಫಿ ಕುಡೀತಿದ್ರಿ. ಕುಡಿದ ಲೋಟ ನೀವೇ ತೊಳೆದು, ಗೂಡಲ್ಲಿ ಬೋರಲು ಹಾಕಿದ್ರಿ. ಅದು ನಿಮ್ಮೊಬ್ಬರ ಲೋಟ. ಅಷ್ಟು ವರ್ಷ ದುಡಿಸ್ಕೊಂಡು, ಬರಿಗೈಲಿ ಕಳಿಸೋಕೆ ಮುಜುಗರ ಆಗಿ ಮೂಲೇಲಿ ಬಿದ್ದಿದ್ದ ಕಾರು ಕೊಟ್ರು. ಅದನ್ನ ನೀವು ದೇವರ ಥರ ತೊಳೀತಿದೀರ."

ಬೈರಯ್ಯ ಅನ್ನ ಕಲಸುತ್ತ ಕೂತ. ಲೋಟದ ಮಾತು ನಿಜ. ಆದರೆ ಜ್ವರ ಬಂದಾಗ ವಕೀಲರು ಡಾಕ್ಟರನ್ನು ಕಳಿಸಿದ್ದೂ ನಿಜ, ಕೋರ್ಟಿನಿಂದ ಬರುವ ದಾರಿಯಲ್ಲಿ ಗೆದ್ದ ಕೇಸು ಸೋತ ಕೇಸು ಎರಡನ್ನೂ ಅವನೊಡನೆ ಹೇಳಿಕೊಳ್ಳುತ್ತಿದ್ದದ್ದೂ ನಿಜ. ಇದನ್ನೆಲ್ಲ ಮಗನಿಗೆ ತಿಳಿಯುವ ಹಾಗೆ ಹೇಗೆ ಹೇಳುವುದೋ ಅವನಿಗೆ ಗೊತ್ತಾಗಲಿಲ್ಲ.

"ಕಾಲ ಬದಲಾಗಿದೆ" ಎಂದ ಕೊನೆಗೆ. "ಅವರೂ ಬದಲಾಗಿದಾರೆ. ನಾನು, ನಿಮ್ಮಮ್ಮ ಮದುವೆಗೆ ನೆಂಟರ ಹಾಗೇ ಹೋಗಿ ಬರ್ತೀವಿ, ನೋಡು."

"ಸರಿ. ಆವತ್ತು ಅವರು ನಿಮ್ಮಿಬ್ಬರನ್ನ ಅವರ ಪಂಕ್ತೀಲಿ ಕೂರಿಸಿ ಊಟ ಹಾಕ್ಲಿ. ನಾನು ಈ ಕಾರಿನ ಮಾತು ಇನ್ನು ಎತ್ತಲ್ಲ. ಮಾರುತಿಗೆ ಬೇರೆ ಕಡೆ ಶೆಡ್ ನೋಡ್ಕೋತೀನಿ. ಹಾಕ್ಲಿಲ್ಲ ಅಂದ್ರೆ ಇದನ್ನ ಕೊಟ್ಬಿಡೋಣ. ಆಗ್ಬಹುದಾ?"

"ಆಗ್ಲಿ" ಎಂದ ಬೈರಯ್ಯ.

ಗಂಗರತ್ನಮ್ಮ ಇಬ್ಬರ ಮುಖವನ್ನೂ ನೋಡಿದಳು. "ಕಾರಿನ ವಿಷಯ ಕಾರಿನ ಹತ್ರ ಮಾತಾಡ್ಕೊಳಿ, ಊಟದ ಹತ್ರ ಬೇಡ" ಎಂದು ಸಾರಿನ ಪಾತ್ರೆ ಎತ್ತಿಕೊಂಡು ಹೋದಳು.

ಮದುವೆಯ ದಿನ ಬೈರಯ್ಯ ಜರಿಯಂಚಿನ ಪಂಚೆ ಉಟ್ಟು, ಕೋಟು ತೊಟ್ಟು, ಮೈಸೂರು ಪೇಟ ಇಟ್ಟುಕೊಂಡ. ಗಂಗರತ್ನಮ್ಮ ತನ್ನ ಒಂದೇ ರೇಷ್ಮೆ ಸೀರೆ ಉಟ್ಟು, ತಟ್ಟೆಯಲ್ಲಿ ಮುಯ್ಯಿಗೆಂದು ಕುಪ್ಪಸದ ಬಟ್ಟೆ, ತೆಂಗಿನಕಾಯಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಗಾಂಧಿ ಬಜಾರಿನಲ್ಲಿ ಕಾರಿಗೆ ಹೂವು ಕಟ್ಟಿಸಿ ಬಸವನಗುಡಿಯ ಮನೆ ಮುಂದೆ ನಿಲ್ಲಿಸಿದಾಗ ಒಳಗಿನಿಂದ ಹೆಂಗಸರು, ಮಕ್ಕಳು ನೋಡಲು ಬಂದರು. ಮಲ್ಲಿಗೆಯ ಮೊಗ್ಗಿನ ಜಡೆ ಹಾಕಿಸಿಕೊಂಡ ವತ್ಸಲ ಬಾಗಿಲಿಗೆ ಬಂದು ನಕ್ಕಳು.

"ಬೈರ, ನೀನು ಒಂಚೂರೂ ಬದಲಾಗಿಲ್ಲ ಕಣೋ" ಎಂದಳು.

ಬೈರಯ್ಯ ಹಿಗ್ಗಿಹೋದ. ಅರವತ್ತು ದಾಟಿದ ಗಂಡನನ್ನು ಆ ಹುಡುಗಿ ಹಾಗೆ ಕರೆದದ್ದು ಕೇಳಿ ಗಂಗರತ್ನಮ್ಮ ತಟ್ಟೆಯಲ್ಲಿದ್ದ ತೆಂಗಿನಕಾಯಿಯನ್ನು ಸರಿಪಡಿಸಿದಳು; ಅದು ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ಶಿವಸ್ವಾಮಿ ಒಂದು ಕಾಗದದ ಪೊಟ್ಟಣ ಹಿಡಿದು ಬಂದ. "ಈ ಪೇಟ ಕೋಟು ಎಲ್ಲ ಬೇಡ ಬೈರ. ಇದು ಹಾಕ್ಕೋ. ತಂದೆಯವರ ಕಾಲದ ಹಾಗೇ ಕಾಣ್ಲಿ ಅಂತ ಹೊಲಿಸಿದೀನಿ. ಫೋಟೋಗೆ ಚೆನ್ನಾಗಿರತ್ತೆ."

ಪೊಟ್ಟಣದಲ್ಲಿ ಬಿಳಿ ಯೂನಿಫಾರಂ ಇತ್ತು, ಹಿತ್ತಾಳೆ ಗುಂಡಿ ಇತ್ತು, ಮುಂದೆ ಅಂಚು ಚಾಚಿದ ಟೋಪಿ ಇತ್ತು. ನಂಜುಂಡಯ್ಯನವರ ಕಾಲದಲ್ಲಿ ಬೈರಯ್ಯ ಯೂನಿಫಾರಂ ಎಂಬುದನ್ನೇ ತೊಟ್ಟವನಲ್ಲ. ಒಗೆದ ಅಂಗಿ, ಪಂಚೆ, ಅಷ್ಟೇ. ಹಾಗೆಂದು ಹೇಳಲು ಬಾಯಿ ತೆರೆದ. ಸುತ್ತ ಮದುವೆಯ ಜನ ಕಾಯುತ್ತ ನಿಂತಿದ್ದರು. ಮುಹೂರ್ತ ಹತ್ತಿರವಾಗುತ್ತಿತ್ತು. ಅವನು ಪೊಟ್ಟಣ ತೆಗೆದುಕೊಂಡು ಕಾರು ಶೆಡ್ಡಿನೊಳಗೆ ಹೋಗಿ ಬಟ್ಟೆ ಬದಲಾಯಿಸಿ ಬಂದ. ಅಂಗಿ ಹೆಗಲಲ್ಲಿ ಬಿಗಿಯಾಗಿತ್ತು. ಗಂಗರತ್ನಮ್ಮನ ಕಡೆ ನೋಡಲಿಲ್ಲ.

ಫೋಟೋದವನು ಅವನನ್ನು ಹಿಂಬಾಗಿಲು ಹಿಡಿದು ನಿಲ್ಲಿಸಿದ. "ಸ್ವಲ್ಪ ಬಗ್ಗಿ ಯಜಮಾನ್ರೆ. ಇನ್ನೂ ಸ್ವಲ್ಪ. ಹಾಂ, ಹಾಗೇ ಇರಿ" ಎಂದ. ಬೈರಯ್ಯ ಬಗ್ಗಿದ. ವತ್ಸಲ ಹತ್ತಿದಳು, ಇಳಿದಳು, ಫೋಟೋ ಸರಿಬರಲಿಲ್ಲವೆಂದು ಮತ್ತೆ ಹತ್ತಿದಳು. ಅವಳ ಜೊತೆ ಅತ್ತೆಯರು, ಚಿಕ್ಕಮ್ಮಂದಿರು ತುಂಬಿಕೊಂಡರು. ಮುಂದಿನ ಸೀಟಿನಲ್ಲಿ ಯಾರೋ ಕೂತರು. ಗಂಗರತ್ನಮ್ಮ ರಸ್ತೆಯಲ್ಲಿ ನಿಂತಳು. ಮನೆಯ ಹಿರಿಯ ಹೆಂಗಸೊಬ್ಬಳು, "ಛತ್ರ ಹತ್ರಾನೇ ಇದೆ, ನಡ್ಕೊಂಡು ಬಂದ್ಬಿಡಮ್ಮ. ಹಾಗೇ ಈ ಬುಟ್ಟಿ ತಗೊಂಡು ಬಾ" ಎಂದು ಬಾಳೆಲೆಯ ಬುಟ್ಟಿಯನ್ನು ಅವಳ ಕೈಗಿಟ್ಟಳು. ಕಾರು ಚಲಿಸಿದಾಗ ಬೈರಯ್ಯ ಕನ್ನಡಿಯಲ್ಲಿ ನೋಡಿದ. ರೇಷ್ಮೆ ಸೀರೆಯುಟ್ಟ ಹೆಂಡತಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು, ಮುಯ್ಯಿಯ ತಟ್ಟೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ರಸ್ತೆಯ ಅಂಚಿನಲ್ಲಿ ಬರುತ್ತಿದ್ದಳು.

ಧಾರೆಯಾಯಿತು. ಪಂಕ್ತಿ ಕೂತಿತು. ಬೈರಯ್ಯ ಹೆಂಡತಿಯನ್ನು ಹುಡುಕಿ ಕರೆದುಕೊಂಡು ಊಟದ ಹಾಲಿನ ಬಾಗಿಲಿಗೆ ಹೋದ. ಅಲ್ಲಿ ಸೊಂಟಕ್ಕೆ ಟವೆಲು ಕಟ್ಟಿಕೊಂಡು ಜನರನ್ನು ಕೂರಿಸುತ್ತಿದ್ದವನು ಯೂನಿಫಾರಮ್ಮನ್ನು ನೋಡಿದ.

"ಡ್ರೈವರುಗಳಿಗೆ ಹಿಂದೆ ಹಾಕ್ತಾರೆ, ಆಮೇಲೆ."

"ನಮ್ಮನ್ನ ಕರೆದಿದಾರೆ" ಎಂದ ಬೈರಯ್ಯ. "ಪತ್ರಿಕೆ ಕೊಟ್ಟಿದಾರೆ."

ಆ ಮನುಷ್ಯ ಒಳಗೆ ತಿರುಗಿ ನೋಡಿದ. ಕೆಲವು ಎಲೆಗಳಾಚೆ ಬೀಗರನ್ನು ಉಪಚರಿಸುತ್ತ ಶಿವಸ್ವಾಮಿ ನಿಂತಿದ್ದ. ಅವನಿಗೆ ಬಾಗಿಲಲ್ಲಿ ನಿಂತ ಇಬ್ಬರೂ ಕಂಡರು. ಬೈರಯ್ಯನ ಕಣ್ಣಿಗೆ ಅವನ ಕಣ್ಣು ಸಿಕ್ಕಿತು. ಶಿವಸ್ವಾಮಿ ಮುಗುಳ್ನಕ್ಕು, ಕೈಯಲ್ಲೇ ಹಿಂದಕ್ಕೆ ಎಂದು ಸನ್ನೆ ಮಾಡಿ, ಬೀಗರ ಕಡೆ ತಿರುಗಿದ. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ಬೈರಯ್ಯನಿಗೆ ಹೆಚ್ಚು ತಟ್ಟಿತು.

"ನನಗೆ ಹಸಿವಿಲ್ಲ. ಮನೆಗೆ ಹೋಗೋಣ ನಡೀರಿ" ಎಂದಳು ಗಂಗರತ್ನಮ್ಮ.

ಅವನು ಯೂನಿಫಾರಂ ಬಿಚ್ಚಿ ಛತ್ರದ ಕಟ್ಟೆಯ ಮೇಲೆ ಮಡಿಸಿಟ್ಟು, ಕಾರಿನಲ್ಲಿಟ್ಟಿದ್ದ ತನ್ನ ಪಂಚೆ ಉಟ್ಟು, ಕೋಟು ತೊಟ್ಟು ಬಂದ. ಪೇಟ ಹಾಕಿಕೊಳ್ಳಲು ಮನಸ್ಸಾಗಲಿಲ್ಲ.  ಮನೆಯ ಗೇಟಿನ ಮುಂದೆ ಕಾರು ನಿಲ್ಲಿಸಿದ ಮೇಲೆ ಅವನು, "ರಾಜು ಕೇಳಿದ್ರೆ ಊಟ ಆಯ್ತು ಅನ್ನು" ಎಂದ.

"ಯಾಕೆ?"

"ಅನ್ನು ಅಷ್ಟೇ."

ಧರ್ಮರಾಜು ವರಾಂಡದಲ್ಲೇ ಕೂತಿದ್ದ. "ಊಟ?" ಎಂದು ಕೇಳಿದ.

"ಭರ್ತಿ ಆಯ್ತು" ಎಂದ ಬೈರಯ್ಯ. "ಶಿವಸ್ವಾಮಿಯೋರೇ ಕೈ ಹಿಡಿದು ಕರ್ಕೊಂಡು ಹೋಗಿ ಬೀಗರ ಸಾಲಲ್ಲಿ ಕೂರಿಸಿದ್ರು. ಒಬ್ಬಟ್ಟು ಸಾಕು ಸಾಕು ಅಂದ್ರೂ ಬಿಡ್ಲಿಲ್ಲ."

ಮಗ ಅಮ್ಮನ ಕಡೆ ನೋಡಿದ. ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಒಳಗೆ ಹೋದಳು. "ಒಳ್ಳೇದಾಯ್ತು" ಎಂದು ಅವನು ಪೇಪರು ಮುಖಕ್ಕೆ ಹಿಡಿದ.

ಸ್ವಲ್ಪ ಹೊತ್ತಿನ ಮೇಲೆ ಧರ್ಮರಾಜು ನೀರು ಕುಡಿಯಲೆಂದು ಅಡಿಗೆಮನೆಗೆ ಬಂದ. ಅಪ್ಪ ಅಮ್ಮ ಇಬ್ಬರೂ ನೆಲದ ಮೇಲೆ ಕೂತು ಬೆಳಗಿನ ತಣ್ಣನೆ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಉಣ್ಣುತ್ತಿದ್ದರು. ಬೈರಯ್ಯನ ಕೈ ಬಾಯಿಯ ಹತ್ತಿರವೇ ನಿಂತಿತು. ಮಗ ಶೆಲ್ಫಿನಿಂದ ಉಪ್ಪಿನಕಾಯಿ ಜಾಡಿ ತೆಗೆದು, ಅವರಿಬ್ಬರ ನಡುವೆ ಇಟ್ಟು, ನೀರು ಕುಡಿಯದೆಯೇ ಹೋದ.

ಆ ವಾರವೇ ಅವನು ಪಕ್ಕದ ಬೀದಿಯಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದ. "ಮಾತು ಕೊಟ್ಟಿದ್ನಲ್ಲ. ನಿಮ್ಮ ಕಾರು ಇಲ್ಲೇ ಇರ್ಲಿ" ಎಂದ. ಅವನ ಮಾತಿನಲ್ಲಿ ಚುಚ್ಚು ಇರಲಿಲ್ಲ. ಬೈದಿದ್ದರೆ, ನಾನು ಹೇಳಿರಲಿಲ್ಲವೇ ಎಂದಿದ್ದರೆ ಬೈರಯ್ಯ ಹೇಗೋ ತಡೆದುಕೊಳ್ಳುತ್ತಿದ್ದ. ತಾನು ಸುಳ್ಳು ಹೇಳಿದ, ಮಗ ಆ ಸುಳ್ಳನ್ನು ನಂಬಿದಂತೆ ನಟಿಸಿದ, ಅದರ ಬೆಲೆಗೆ ಕಾರು ಉಳಿಯಿತು. ಬೆಳಿಗ್ಗೆ ಬಟ್ಟೆ ಹಿಡಿದು ಕಾರಿನ ಹತ್ತಿರ ಹೋದರೆ, ಹಿಂಬಾಗಿಲಿನ ಹಿಡಿಗೆ ಕೈ ಹಾಕಿದ ಕೂಡಲೇ ಫೋಟೋದವನ ದನಿ ಕೇಳುತ್ತಿತ್ತು. ಒರೆಸುವುದು ತಪ್ಪಿತು. ಹಸಿರು ಬಣ್ಣದ ಮೇಲೆ ಧೂಳು ಕೂತಿತು.

ಮದುವೆಯ ಗದ್ದಲ ಮುಗಿದ ಮೇಲೆ ಶಿವಸ್ವಾಮಿ ಮತ್ತೆ ಬಂದ. ಈ ಸಲವೂ ಗೇಟಿನಾಚೆಯೇ ನಿಂತ.

"ಬೈರ, ಫೋಟೋ ನೋಡಿದವರೆಲ್ಲ ಕಾರಿನ ವಿಷಯಾನೇ ಮಾತಾಡ್ತಾರೆ. ನನ್ನ ಅಳಿಯನಿಗಂತೂ ಹುಚ್ಚೇ ಹಿಡಿದಿದೆ. ಎಷ್ಟಾದ್ರೂ ತಂದೆಯವರ ಕಾರು, ನಮ್ಮನೇಲೇ ಇರ್ಲಿ ಅನ್ಸತ್ತೆ. ಸುಮ್ನೆ ಏನೂ ಬೇಡ, ನೀನು ಹೇಳಿದ್ದು ಕೊಡೋಣ. ನಿನಗೂ ವಯಸ್ಸಾಯ್ತು. ಬೇಕಿದ್ರೆ ಆಗಾಗ ಬಂದು ಒರೆಸಿ ಹೋಗು, ನಿನಗೂ ಸಮಾಧಾನ."

ಬೈರಯ್ಯ ಇಲ್ಲವೆನ್ನಬೇಕೆಂದು ನಿಂತ. ಆ ಮನೆಯವರ ಮುಖಕ್ಕೆ ಇಲ್ಲವೆಂದು ಜನ್ಮದಲ್ಲಿ ಹೇಳಿದವನಲ್ಲ.  "ಆಗ್ಲಿ ಬುದ್ಧಿ" ಎಂದುಬಿಟ್ಟ. "ಇನ್ನೆರಡು ದಿನ ಬಿಟ್ಟು ಬನ್ನಿ."

ಶಿವಸ್ವಾಮಿ ಹೋದ ಮೇಲೆ ಅವನು ಬಹಳ ಹೊತ್ತು ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದ. ಮಾರನೆಯ ಬೆಳಿಗ್ಗೆ ಮಗ ಆಫೀಸಿಗೆ ಹೋದದ್ದನ್ನು ನೋಡಿ, ಹೆಂಡತಿಗೂ ಹೇಳದೆ, ಕಾರು ತೆಗೆದುಕೊಂಡು ಕಲಾಸಿಪಾಳ್ಯದ ಕಡೆ ಹೋದ. ಅಲ್ಲಿ ಹಳೆಯ ಗಾಡಿಗಳನ್ನು ಒಡೆದು ಮಾರುವ ಗುಜರಿ ಅಂಗಡಿಗಳ ಸಾಲಿತ್ತು. ಒಂದರ ಮುಂದೆ ನಿಲ್ಲಿಸಿದ.

ಅಂಗಡಿಯವನು ಇಂಜಿನ್ನಿನ ಸದ್ದು ಕೇಳಿಯೇ ಎದ್ದು ಬಂದ. "ಇದ್ಯಾಕೆ ಇಲ್ಲಿಗೆ ತಂದ್ರಿ? ಇಷ್ಟು ಚೆನ್ನಾಗಿರೋ ಗಾಡಿ. ಇಡೀ ಗಾಡಿಗೇ ಗಿರಾಕಿ ಇದಾರೆ, ನಾನೇ ಕೊಡಿಸ್ತೀನಿ."

"ಇಡಿಯಾಗಿ ಯಾರಿಗೂ ಕೊಡಕೂಡ್ದು. ಒಡೆಯೋ ಹಾಗಿದ್ರೆ ತಗೊಳಿ."

"ನಿಮಗೇ ಲಾಸು."

"ಆಗ್ಲಿ. ಈಗ್ಲೇ ಶುರು ಮಾಡಿ. ನಾನು ಇಲ್ಲೇ ಇರ್ತೀನಿ."

ಅಂಗಡಿಯವನು ಅವನ ಮುಖವನ್ನೊಮ್ಮೆ ನೋಡಿ, ಹೆಚ್ಚು ಕೇಳದೆ ಆಳುಗಳನ್ನು ಕರೆದ. ಮೊದಲು ಬಾಗಿಲುಗಳು ಕಳಚಿ ಬಂದವು. ಆಮೇಲೆ ಸೀಟುಗಳನ್ನು ಎತ್ತಿ ಮಣ್ಣಿನ ಮೇಲೆ ಹಾಕಿದರು. ಬಾನೆಟ್ಟು ಕಿತ್ತಾಗ ಬೈರಯ್ಯನಿಗೆ ಒಮ್ಮೆ, ಸಾಕು ನಿಲ್ಲಿಸಿ ಎನ್ನಬೇಕೆನಿಸಿತು. ಅನ್ನಲಿಲ್ಲ. ಇಂಜಿನ್ನಿಗೆ ಸರಪಳಿ ಹಾಕಿ ಮೇಲೆತ್ತುವಾಗ ಅದರಿಂದ ಎಣ್ಣೆ ಸೋರಿತು. ಆ ಎಣ್ಣೆಯನ್ನು ಅವನೇ ಮೊನ್ನೆ ಮದುವೆಗೆಂದು ಹೊಸದಾಗಿ ತುಂಬಿದ್ದ. ಅಂಗಡಿಯವನು ಕೊಟ್ಟದ್ದನ್ನು ನೋಡದೆ ಜೇಬಿಗೆ ಹಾಕಿಕೊಂಡು, ನಡೆದೇ ಮನೆಗೆ ಬಂದ.

ಸಂಜೆ ಧರ್ಮರಾಜು ಖಾಲಿ ಜಾಗವನ್ನು ನೋಡಿದ. "ಅವರಿಗೆ ಕೊಟ್ಬಿಟ್ರಾ?"

"ಇಲ್ಲ. ಗುಜರಿಗೆ ಹಾಕ್ದೆ. ಒಡೆಸ್ಬಿಟ್ಟೆ."

ಒಳಗೆ ಗಂಗರತ್ನಮ್ಮ ಒಲೆ ಊದುವುದನ್ನು ನಿಲ್ಲಿಸಿದಳು. ಧರ್ಮರಾಜುವಿನ ಮುಖದಲ್ಲಿ ಗೆದ್ದ ಕಳೆಯೇನೂ ಕಾಣಲಿಲ್ಲ. ಅವನು ಬ್ಯಾಗನ್ನು ಹಿಡಿದುಕೊಂಡೇ ನಿಂತಿದ್ದ.

"ಯಾಕೆ ಅಪ್ಪ? ನಾನು ಶೆಡ್ ಹಿಡಿದಿದ್ನಲ್ಲ. ನಿಮ್ಮ ಪಾಡಿಗೆ ಇಟ್ಕೋಬಹುದಿತ್ತು."

"ನಾನು ಪಂಕ್ತೀಲಿ ಊಟ ಮಾಡ್ದೆ ಅಂತ ನಂಬಿ ಶೆಡ್ ಹಿಡಿದ್ಯಾ?"

ಧರ್ಮರಾಜು ಬ್ಯಾಗನ್ನು ಕೆಳಗಿಟ್ಟ.

"ಅವರು ಬಗ್ಗಿಸಿದ್ರು. ನೀನು ಕನಿಕರ ಪಟ್ಟೆ" ಎಂದ ಬೈರಯ್ಯ. "ಎರಡೂ ಒಂದೇ ಆಯ್ತು ನನಗೆ."

ಶಿವಸ್ವಾಮಿ ಹೇಳಿದ ದಿನಕ್ಕೆ ಬಂದ, ವಿಷಯ ಕೇಳಿ ಬೆಪ್ಪಾದ. "ಎಂಥ ಕೆಲಸ ಮಾಡ್ಬಿಟ್ಟೆ ಬೈರ. ನಿನಗೆ ಅದರ ಬೆಲೆ ಗೊತ್ತಾಗ್ಲಿಲ್ಲ" ಎಂದು ಮರುಗಿ ಹೋದ.  ಮತ್ತೆಂದೂ ಅವನು ಆ ಕಡೆ ಬರಲಿಲ್ಲ.

ಮಾರುತಿ ಬಂತು. ಬಿಳಿಯ ಬಣ್ಣ, ಸೀಟಿನ ಮೇಲೆ ಇನ್ನೂ ಪ್ಲಾಸ್ಟಿಕ್ ಹೊದಿಕೆ. ಗಂಗರತ್ನಮ್ಮ ಆರತಿ ಮಾಡಿ, ಚಕ್ರಗಳಡಿ ನಿಂಬೆಹಣ್ಣು ಇಟ್ಟಳು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕುತ್ತಿದ್ದರು. ಧರ್ಮರಾಜು ಕೀಲಿಕೈಯನ್ನು ಅಪ್ಪನ ಮುಂದೆ ಹಿಡಿದ. ಬಹಳ ದಿನದಿಂದ ಯೋಚಿಸಿ ಇಟ್ಟುಕೊಂಡಿದ್ದನೆಂದು ಅವನ ಮುಖವೇ ಹೇಳುತ್ತಿತ್ತು.

"ಮೊದಲನೇ ರೌಂಡು ನೀವೇ ಓಡ್ಸಿ ಅಪ್ಪ. ನಾನು, ಅಮ್ಮ ಹಿಂದೆ ಕೂತ್ಕೋತೀವಿ."

ಬೈರಯ್ಯ ವರಾಂಡದ ಕುರ್ಚಿಯಲ್ಲಿ ಕೂತಿದ್ದ. ಕೀಲಿಕೈಯನ್ನು ನೋಡಿದ, ಮಗನನ್ನು ನೋಡಿದ.

"ನಾನು ಇನ್ಮೇಲೆ ಯಾರಿಗೂ ಓಡಿಸಲ್ಲ" ಎಂದ.

"ಯಾರಿಗೂ ಅಂದ್ರೆ, ನಾನು ಬೇರೆಯೋನಾ?"

 ಧರ್ಮರಾಜು ಸ್ವಲ್ಪ ಹೊತ್ತು ಕೈ ಚಾಚಿಕೊಂಡೇ ನಿಂತಿದ್ದು, ಆಮೇಲೆ ಕಾರು ಹತ್ತಿ ಸ್ಟಾರ್ಟ್ ಮಾಡಿದ. ಗಂಗರತ್ನಮ್ಮ ಮುಂದೆ ಕೂತಳು. ನಿಂಬೆಹಣ್ಣು ಸಿಡಿದು, ಕಾರು ಹಿಂದಕ್ಕೆ ಸರಿದು ಗೇಟಿನ ಹತ್ತಿರ ನಿಂತಿತು. ಗೇಟು ಮುಚ್ಚಿತ್ತು. ಮಗ ಕಿಟಕಿಯಿಂದ ವರಾಂಡದ ಕಡೆ ನೋಡಿದ. ಬೈರಯ್ಯ ಕುರ್ಚಿ ಬಿಟ್ಟು ಏಳಲಿಲ್ಲ. ಇಂಜಿನ್ನು ಓಡುತ್ತಿದ್ದ ಹಾಗೆಯೇ ಧರ್ಮರಾಜು ಇಳಿದು ಬಂದು ಗೇಟು ತೆರೆದ.